ಬಲ ಮಗ್ಗುಲಿನ ತಿಮಿಂಗಿಲಗಳು

ಜನವರಿ 12

ಬಲಮ್ಮಾ,

ಏಳು ವರ್ಷದ ಮೇಲೆ ಇವಳ ಕಾಗದ ಯಾಕೆ ಬಂತು ಎಂದು ಹುಬ್ಬೇರಿಸಬೇಡ. ಕ್ಷೇಮ ಕೇಳಲು ಬರೆಯುತ್ತಿಲ್ಲ, ಜಗಳ ಆಡಲು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಸಿಟ್ಟು ನೆತ್ತಿಗೇರಿ ಇಟ್ಟುಬಿಡುತ್ತೇನೆ. ಕಾಗದವಾದರೆ ನಾನು ಮುಗಿಸುವ ತನಕ ನೀನು ತೆಪ್ಪಗೆ ಓದಲೇಬೇಕು.

ನಿಮ್ಮ ವರದಿ ನಿನ್ನೆ ಈ ಕಡಲ ಕೇಂದ್ರಕ್ಕೆ ಬಂತು. ಕೊನೆಯ ಪುಟದಲ್ಲಿ ನಿನ್ನ ಸಹಿ, ಅದರ ಕೆಳಗೆ ‘ವಿಭಾಗದ ಮುಖ್ಯಸ್ಥೆ’ ಎಂಬ ಮೊಹರು. ನಮ್ಮ ಕಡಲಿನಲ್ಲಿ ನೂರ ಮೂವತ್ತನಾಲ್ಕು ನೀಲಿ ತಿಮಿಂಗಿಲಗಳಿವೆಯಂತೆ! ಎಲ್ಲಿವೆಯೇ ಮಹಾತಾಯಿ? ಹಂಗಾಮು ಪೂರ್ತಿ ನಾನೂ ದೋಣಿ ಮಾವನೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ. ಬರುವವು ಅವೇ ಹಳೆಯ ನಂಟರು. ಹೊಸ ಮುಖ ವರ್ಷಕ್ಕೊಂದೋ ಎರಡೋ. ಉಳಿದವನ್ನು ನೀನು ಕಚೇರಿಯ ಬೀರುವಿನಲ್ಲಿ ಸಾಕಿಕೊಂಡಿದ್ದೀಯೇನು?

ಆಮೇಲೆ ಕೂತು ಲೆಕ್ಕ ಬಿಡಿಸಿದೆ. ಕುರ್ಚಿಯಲ್ಲಿ ಕೂತು ಕೂತು ನಿನಗೆ ಮರೆತಿರಬಹುದು, ಅದಕ್ಕೆ ಮೊದಲ ಪಾಠದಿಂದಲೇ ಹೇಳುತ್ತೇನೆ. ನೀಲಿ ತಿಮಿಂಗಿಲವನ್ನು ನಾವು ಗುರುತಿಸುವುದು ಬೆನ್ನಿನ ಪಕ್ಕದ ಬೂದು ಮಚ್ಚೆಗಳಿಂದ. ಒಂದರ ಮಚ್ಚೆ ಇನ್ನೊಂದಕ್ಕಿಲ್ಲ. ಅಷ್ಟೇ ಅಲ್ಲ, ಒಂದೇ ಪ್ರಾಣಿಯ ಎಡ ಮಗ್ಗುಲಿನ ಮಚ್ಚೆ ಅದರ ಬಲ ಮಗ್ಗುಲಿಗಿಲ್ಲ. ಅದಕ್ಕೇ ಎರಡು ಆಲ್ಬಮ್ ಮಾಡಿದ್ದು. ನಾನು ಎಡ ಮಗ್ಗುಲಿನ ಫೋಟೋ ತೆಗೆಯುತ್ತಿದ್ದೆ, ನೀನು ಬಲ ಮಗ್ಗುಲಿನದು. ಅದಕ್ಕೇ ದೋಣಿ ಮಾವ ನಮಗಿಟ್ಟ ಎಡಮ್ಮ, ಬಲಮ್ಮ ಎಂಬ ಹೆಸರು ಇವತ್ತಿಗೂ ಈ ಬಂದರಿನಲ್ಲಿ ಅಳಿದಿಲ್ಲ. ನನ್ನ ನಿಜವಾದ ಹೆಸರು ಅಂಚೆಯವನಿಗೂ ಗೊತ್ತಿಲ್ಲ.

ಎರಡೂ ಮಗ್ಗುಲು ಒಂದೇ ಸಲಕ್ಕೆ ಸಿಕ್ಕ ತಿಮಿಂಗಿಲಗಳು ಒಂಬತ್ತೇ ಒಂಬತ್ತು. ಅವನ್ನು ಬಿಟ್ಟರೆ ನನ್ನ ಆಲ್ಬಮಿನಲ್ಲಿ ಎಡ ಮಾತ್ರ ಇರುವವು ಅರವತ್ತೆರಡು, ನಿನ್ನದರಲ್ಲಿ ಬಲ ಮಾತ್ರ ಇರುವವು ಅರವತ್ತಮೂರು. ನೀವು ಮೂರನ್ನೂ ಕೂಡಿಸಿಬಿಟ್ಟಿದ್ದೀರಿ! ಅಂದರೆ ಒಂದೇ ತಿಮಿಂಗಿಲ ನನ್ನ ಲೆಕ್ಕದಲ್ಲಿ ಒಂದು, ನಿನ್ನ ಲೆಕ್ಕದಲ್ಲಿ ಇನ್ನೊಂದು. ಮೊದಲ ವರ್ಷದ ವಿದ್ಯಾರ್ಥಿ ಮಾಡಿದ್ದರೆ ಇಬ್ಬರೂ ಸೇರಿ ಅವನ ಕಿವಿ ಹಿಂಡುತ್ತಿದ್ದೆವು.

ಇದು ಬರೀ ಅಂಕಿಯಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಆದರೆ ಕಾನೂನು ನಿನಗೂ ಗೊತ್ತು. ನೂರಕ್ಕಿಂತ ಕಡಿಮೆ ಇದ್ದರೆ ಹಡಗುಗಳು ಅವು ಮೇಯುವ ಜಾಗ ಬಿಟ್ಟು ಸುತ್ತಿ ಹೋಗಬೇಕು. ನೂರರ ಮೇಲಿದ್ದರೆ ಈಗಿನಂತೆ ನಡುವೆಯೇ ನುಗ್ಗಬಹುದು. ಜುಲೈಯಲ್ಲಿ ಸಮಿತಿ ಕೂತು ತೀರ್ಮಾನ ಮಾಡುತ್ತದೆ, ಅವರ ಕೈಯಲ್ಲಿರುವುದು ನಿನ್ನ ನೂರ ಮೂವತ್ತನಾಲ್ಕು. ಇಲ್ಲಿ ದಿನ ಬೆಳಗಾದರೆ ಬೆಟ್ಟದ ಗಾತ್ರದ ಹಡಗುಗಳು ಸಾಲುಗಟ್ಟಿ ಹೋಗುತ್ತವೆ. ತಿಮಿಂಗಿಲಕ್ಕೆ ಡಿಕ್ಕಿ ಹೊಡೆದದ್ದೂ ಅವುಗಳಿಗೆ ತಿಳಿಯುವುದಿಲ್ಲ.

ಮಾಡಬೇಕಾದದ್ದು ಸುಲಭ. ಒಂದೇ ಮಗ್ಗುಲು ಎಣಿಸು. ಒಂದು ಆಲ್ಬಮ್ ಇಟ್ಟುಕೊಂಡು ಇನ್ನೊಂದನ್ನು ಬಿಡು. ಕಣ್ಣಿಗೆ ಬೀಳದೆ ಉಳಿದವನ್ನು ಅಂದಾಜಿಗೆ ಸೇರಿಸಿದರೂ ತೊಂಬತ್ತು ದಾಟುವುದಿಲ್ಲ. ತಿದ್ದು.

ಇನ್ನೂ ತುಂಬಾ ಬೈಯುವುದಿದೆ, ಹಾಳೆ ಮುಗಿಯಿತು.

ಎಡಮ್ಮ


ಫೆಬ್ರವರಿ 3

ಎಡಮ್ಮಾ,

ನಿನ್ನ ಕಾಗದಕ್ಕೆ ನನ್ನ ಸಹಾಯಕ ಮೊಹರು ಹೊಡೆದು, ನಂಬರ್ ಹಾಕಿ, ‘ಸಾರ್ವಜನಿಕರ ದೂರು’ ಎಂಬ ಫೈಲಿನಲ್ಲಿ ಇಟ್ಟಿದ್ದ. “ಮೇಡಂ, ಯಾರೋ ಎಡಮ್ಮ ಅಂತೆ, ನಿಮ್ಮನ್ನ ಏಕವಚನದಲ್ಲಿ ಬೈದಿದಾರೆ. ಪೊಲೀಸರಿಗೆ ಹೇಳೋಣ್ವಾ?” ಎಂದು ಕೇಳಿದ. ಬೇಡಪ್ಪ, ಇವಳು ಪೊಲೀಸರನ್ನೂ ಬೈಯುತ್ತಾಳೆ ಎಂದೆ.

ಈಗ ನನ್ನ ಮಾತು. ನೀನೂ ತೆಪ್ಪಗೆ ಓದು.

ಎರಡು ಆಲ್ಬಮ್ ಕೂಡಿಸಿದ್ದು ನನಗೆ ತಿಳಿಯದೆ ಆದದ್ದಲ್ಲ. ಒಂದೇ ಪ್ರಾಣಿ ಎಂದು ಸಾಬೀತಾಗುವ ತನಕ ಎರಡು ಫೋಟೋ ಎರಡು ಪ್ರಾಣಿ, ಇದು ಸಮಿತಿ ಹಾಕಿದ ಷರತ್ತು. ನಾನು ಅದಕ್ಕೆ ಅಡ್ಡ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುತ್ತೀಯ? ಒಂದೇ ಮಗ್ಗುಲು ಎಣಿಸು ಎನ್ನುತ್ತೀಯಲ್ಲ, ಯಾವ ಮಗ್ಗುಲು? ನಿನ್ನ ಆಲ್ಬಮ್ ಇವತ್ತಿನವರೆಗೂ ನಡೆದಿದೆ. ನನ್ನದು ಏಳು ವರ್ಷದ ಹಿಂದೆ ನಿಂತಿದೆ. ಯಾರೇ ಕೂತು ಆರಿಸಿದರೂ ನಿನ್ನದನ್ನೇ ಇಟ್ಟುಕೊಳ್ಳುತ್ತಾರೆ. ಒಂದು ಕಡೆ ಎಂದರೆ ನಿನ್ನ ಕಡೆ. ಅದನ್ನು ನೇರವಾಗಿ ಬರೆಯಲು ನಿನಗೆ ಬಾಯಿ ಬರಲಿಲ್ಲ, ಇಷ್ಟುದ್ದದ ಕಾಗದದಲ್ಲಿ ಅದೊಂದನ್ನು ನುಂಗಿಕೊಂಡೆ.

ನನ್ನ ಅರವತ್ತಮೂರು ಬೀರುವಿನಲ್ಲಿ ಹುಟ್ಟಿದವಲ್ಲ ಕಣೇ. ನಿನ್ನ ಪಕ್ಕದಲ್ಲೇ ನಿಂತು, ಉಪ್ಪುನೀರು ಕುಡಿದು, ಮೈ ಕೈ ಸುಟ್ಟುಕೊಂಡು ತೆಗೆದವು. ನನ್ನ ಪ್ರಬಂಧ, ನನ್ನ ಕೆಲಸ, ನೀನು ಆಡಿಕೊಳ್ಳುವ ಈ ಕುರ್ಚಿ, ಎಲ್ಲವೂ ಅದರ ಮೇಲೆ ನಿಂತಿವೆ. ನೀನು ಒಂದು ಸಾಲಿನಲ್ಲಿ ‘ಬಿಡು’ ಎಂದು ಬರೆದುಬಿಟ್ಟೆ.

ಬಿಡುವುದಿಲ್ಲ. ಆದರೆ ದಾರಿ ಇದೆ. ಜೋಡಿ ತೋರಿಸು. ಒಂದೇ ಸಲಕ್ಕೆ ಒಂದೇ ಪ್ರಾಣಿಯ ಎರಡೂ ಮಗ್ಗುಲು ತೆಗೆದುಕೊಂಡು ಬಾ. ನಿನ್ನದೊಂದು, ನನ್ನದೊಂದು ಸೇರಿ ಒಂದಾಗುತ್ತದೆ. ಮೂವತ್ತೈದು ಜೋಡಿಯಾದರೆ ಸಂಖ್ಯೆ ನೂರರ ಕೆಳಗಿಳಿಯುತ್ತದೆ. ನಿನ್ನ ಹಡಗುಗಳು ಸುತ್ತಿ ಹೋಗುತ್ತವೆ, ನನ್ನ ಆಲ್ಬಮೂ ಉಳಿಯುತ್ತದೆ. ಜುಲೈ ತನಕ ಸಮಯವಿದೆ.

ನನ್ನ ಮಗಳಿಗೆ ಎಂಟು ವರ್ಷ. ನಿನ್ನ ಕಾಗದ ನೋಡಿ, “ಅಮ್ಮಾ, ಇವ್ರು ನಿನ್ನ ಫ್ರೆಂಡಾ ಅಥವಾ ಶತ್ರುನಾ?” ಎಂದಳು. ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.

ಮೊಹರಿಲ್ಲದೆ,
ಬಲಮ್ಮ


ಮಾರ್ಚ್ 9

ಬಲಮ್ಮಾ,

ಜೋಡಿ ತರಬೇಕಂತೆ ಜೋಡಿ! ನಾನೇನು ಮದುವೆ ಮಾಡಿಸುವವಳೇ?

ನಿನ್ನ ಕಾಗದ ಬಂದ ಮೇಲೆ ತಿಂಗಳಿಡೀ ಅದನ್ನೇ ಮಾಡುತ್ತಿದ್ದೇನೆ, ಒಂದೂ ಸಿಕ್ಕಿಲ್ಲ. ಯಾಕೆ ಎಂದು ನಿನಗೆ ಗೊತ್ತಿರಬೇಕು. ಒಂದು ಮಗ್ಗುಲು ತೆಗೆದ ಮೇಲೆ ಇನ್ನೊಂದು ಮಗ್ಗುಲಿಗೆ ಹೋಗಬೇಕಾದರೆ ದೋಣಿ ತಿಮಿಂಗಿಲದ ಹಿಂದಿನಿಂದ ದಾಟಬೇಕು. ಮೊದಲು ದಾಟುತ್ತಿದ್ದೆವು. ಈಗ ದಾಟುವಂತಿಲ್ಲ. ದೋಣಿಗಳಿಗೆ ಹೊರಡಿಸಿದ ನಿಯಮಗಳಲ್ಲಿ ಏಳನೆಯದು: ಒಂದೇ ಕಡೆಯಿಂದ ಹತ್ತಿರ ಹೋಗಬೇಕು, ಮುಂದಾಗಲಿ ಹಿಂದಾಗಲಿ ಅಡ್ಡ ದಾಟಬಾರದು. ಆ ನಿಯಮ ಬರೆದ ಪುಣ್ಯಾತ್ಗಿತ್ತಿ ಯಾರು ಎಂದು ನೋಡಿದರೆ, ನೀನೇ. ದೋಣಿ ಅಡ್ಡ ಬಂದು ತಾಯಿ ಮರಿ ಬೇರೆಯಾದದ್ದನ್ನು ನೋಡಿ ನೀನು ಅತ್ತಿದ್ದೆ, ಬರೆದೆ, ಒಳ್ಳೆಯದೇ ಮಾಡಿದೆ. ಈಗ ಆ ನಿಯಮವೇ ನನ್ನ ಕೈ ಕಟ್ಟಿಹಾಕಿದೆ.

ಮೊನ್ನೆ ಒಂದು ಸಿಕ್ಕಿತು. ನನ್ನ ಆಲ್ಬಮಿನ ಹನ್ನೆರಡನೆಯದು, ಮುದುಕ. ಬಹಳ ಹೊತ್ತು ಪಕ್ಕದಲ್ಲೇ ಹೋದೆವು. ಉಸಿರು ಬಿಡುತ್ತಾನೆ, ಬೆನ್ನು ತೋರಿಸುತ್ತಾನೆ, ಎಡ. ಮುಳುಗುತ್ತಾನೆ, ಏಳುತ್ತಾನೆ, ಮತ್ತೆ ಎಡ. ದೋಣಿ ಮಾವ ಎಂಜಿನ್ ಇಳಿಸಿ ಎರಡೂ ಕೈ ಮುಗಿದು, “ಅಪ್ಪಾ ಮಹಾರಾಯ, ಒಂದ್ಸಲ ಮಗ್ಗುಲು ಬದಲಾಯಿಸಪ್ಪಾ, ಇವಳ ಕಾಟ ತಡೆಯೋಕಾಗ್ತಿಲ್ಲ” ಎಂದರು. ಮುದುಕ ಬಾಲ ಎತ್ತಿ ಒಳಗೆ ಹೋದ. ಮತ್ತೆ ಬರಲೇ ಇಲ್ಲ.

ಮರುದಿನ ಬೇರೆ ಕಡೆಯಿಂದ ಹೋಗು ಎನ್ನಬೇಡ. ಹೋದೆ. ಒಂದು ಬಲ ಮಗ್ಗುಲು ಸಿಕ್ಕಿತು. ಅದು ಮೊನ್ನೆಯ ಮುದುಕನದೇ ಎಂದು ಯಾರು ಸಾಕ್ಷಿ ಹೇಳಬೇಕು? ನಿನ್ನ ಆಲ್ಬಮಿನಲ್ಲಿ ಇಲ್ಲದ ಮಚ್ಚೆಯಾದರೆ ನಿಮ್ಮ ಸಮಿತಿಯ ಲೆಕ್ಕದಲ್ಲಿ ಅದು ನೂರ ಮೂವತ್ತೈದನೆಯದಾಗುತ್ತದೆ. ನಾನು ದುಡಿದಷ್ಟೂ ನಿನ್ನ ಸಂಖ್ಯೆ ಏರುತ್ತದೆ! ತಲೆ ಚಚ್ಚಿಕೊಳ್ಳೋಣ ಎನ್ನಿಸಿತು.

ಅದಕ್ಕೆ ಇದರ ಜೊತೆ ಅರ್ಜಿ ಇಟ್ಟಿದ್ದೇನೆ. ಈ ಹಂಗಾಮಿಗೆ ಮಾತ್ರ, ಮರಿ ಇಲ್ಲದವುಗಳ ಹಿಂದೆ ಮಾತ್ರ, ದೂರದಿಂದ ನಿಧಾನವಾಗಿ ದಾಟಲು ಅನುಮತಿ ಕೊಡಿಸು. ಮೇ ಮುಗಿದರೆ ತಿಮಿಂಗಿಲಗಳು ಹೊರಟುಹೋಗುತ್ತವೆ. ಬೇಗ ಕಳಿಸು, ನಿನ್ನ ಕಾಲಿಗೆ ಬೀಳುತ್ತೇನೆ ಎಂದು ಬರೆಯಲು ಹೊರಟೆ, ಪೆನ್ನು ಒಪ್ಪಲಿಲ್ಲ.

ನಿಯಮ ಏಳರ ಬಲಿಪಶು,
ಎಡಮ್ಮ


ಏಪ್ರಿಲ್ 16

ಎಡಮ್ಮಾ,

ಅರ್ಜಿಯನ್ನು ನಾನೇ ಕೈಯಲ್ಲಿ ಹಿಡಿದು ಮೂರು ಮಹಡಿ ಹತ್ತಿ ಇಳಿದೆ. ಸಮಿತಿಯವರು ಒಂದು ಪ್ರಶ್ನೆ ಕೇಳಿದ್ದಾರೆ. ದೋಣಿ ದಾಟುವುದರಿಂದ ಒಟ್ಟು ತಿಮಿಂಗಿಲಗಳಲ್ಲಿ ಶೇಕಡಾ ಎಷ್ಟಕ್ಕೆ ತೊಂದರೆಯಾಗುತ್ತದೆ? ಅದಕ್ಕೆ ಮೊದಲು ಒಟ್ಟು ಎಷ್ಟು ಎಂದು ಬರೆಯಬೇಕು. ನೂರ ಮೂವತ್ತನಾಲ್ಕು ಎಂದು ಬರೆದರೆ, “ಸಂಖ್ಯೆ ಗೊತ್ತೇ ಇದೆಯಲ್ಲಮ್ಮಾ, ಮತ್ತೆ ಯಾಕೆ ದಾಟ್ಬೇಕು?” ಎನ್ನುತ್ತಾರೆ. ನಿನ್ನ ಎಡದವನ್ನು ಮಾತ್ರ ಎಣಿಸಿ ಎಪ್ಪತ್ತೊಂದು ಎಂದು ಬರೆದರೆ, “ನಿಮ್ಮ ವರದಿಗೆ ನೀವೇ ವಿರುದ್ಧ ಹೇಳ್ತೀರಾ?” ಎನ್ನುತ್ತಾರೆ. ಎರಡನ್ನೂ ಕೇಳಿಸಿಕೊಂಡು ಬಂದೆ. ಫೈಲು ಈಗ ಒಂದು ಮೇಜಿನ ಮೇಲೆ ಮಲಗಿದೆ, ದಿನಾ ಹೋಗಿ ಎಬ್ಬಿಸುತ್ತಿದ್ದೇನೆ.

ನೀನು ಇಲ್ಲಿ ಬಂದು ನೋಡಬೇಕು. ಸಮುದ್ರಕ್ಕೆ ಬೆನ್ನು ಹಾಕಿದ ಕಟ್ಟಡ. ನನ್ನ ಕಿಟಕಿಯಿಂದ ಕಾಣುವುದು ವಾಹನ ನಿಲ್ಲಿಸುವ ಜಾಗ ಮತ್ತು ಒಂದು ನೀರಿನ ಟ್ಯಾಂಕು. ಇಲ್ಲಿ ತಿಮಿಂಗಿಲ ನೋಡಿದವರು ನಾನೊಬ್ಬಳೇ, ಹಾಗಾಗಿ ತಿಮಿಂಗಿಲದ ಬಗ್ಗೆ ಎಲ್ಲರೂ ಧೈರ್ಯವಾಗಿ ಮಾತಾಡುತ್ತಾರೆ.

ಇನ್ನೊಂದು ಮಾತು. ಕಾಗದಕ್ಕೊಂದು ಸಲ ಕುರ್ಚಿ ಕುರ್ಚಿ ಎಂದು ಚುಚ್ಚುತ್ತೀಯ. ಏಳು ವರ್ಷದ ಹಿಂದೆ ಬಂದರಿನ ಮೆಟ್ಟಿಲ ಮೇಲೆ ನಿಂತು, “ಹೋಗು, ಕುರ್ಚಿ ಕಾಯ್ತಾ ಇದೆ” ಎಂದವಳೂ ನೀನೇ. ನಾನು ಕುರ್ಚಿಗೆ ಆಸೆಪಟ್ಟು ಬರಲಿಲ್ಲ. ನನ್ನ ಒಳಕಿವಿ ಕೆಟ್ಟಿದೆ ಕಣೇ. ನೆಲ ಸ್ವಲ್ಪ ಅಲುಗಿದರೂ ಲೋಕವೆಲ್ಲ ತಿರುಗಿ ಬಿದ್ದುಬಿಡುತ್ತೇನೆ. ಕೊನೆಯ ಹಂಗಾಮಿನಲ್ಲಿ ನಾನು ಕಂಬಿ ಹಿಡಿದೇ ಫೋಟೋ ತೆಗೆಯುತ್ತಿದ್ದೆ, ನಿನಗೆ ಬೆನ್ನು ಮಾಡಿ ನಿಂತಿರುತ್ತಿದ್ದುದರಿಂದ ನಿನಗೆ ಕಾಣಿಸಲಿಲ್ಲ. ಡಾಕ್ಟರು, “ದೋಣಿ ಹತ್ತೋದನ್ನ ಮರೆತುಬಿಡಿ” ಎಂದರು. ಲಿಫ್ಟ್ ಕೂಡ ಹತ್ತುವುದಿಲ್ಲ, ಅದಕ್ಕೇ ಮೂರು ಮಹಡಿ ನಡೆಯುವುದು.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಹೇಳಿದ್ದರೆ ನೀನು ಅಯ್ಯೋ ಪಾಪ ಎನ್ನುತ್ತಿದ್ದೆ. ನಿನ್ನ ಬಾಯಲ್ಲಿ ಅದಕ್ಕಿಂತ ಬೈಗುಳವೇ ವಾಸಿ ಅನ್ನಿಸಿತು. ಈಗ ಹೇಳುತ್ತಿರುವುದು ಕನಿಕರಕ್ಕಲ್ಲ. ಆ ಆಲ್ಬಮ್ ಬಿಟ್ಟರೆ ಕಡಲಿನದು ಎಂದು ನನ್ನ ಹತ್ತಿರ ಬೇರೇನೂ ಇಲ್ಲ, ಅದು ನಿನಗೆ ತಿಳಿದಿರಲಿ ಎಂದು.

ಅನುಮತಿ ಬಂದ ಕೂಡಲೇ ಕಳಿಸುತ್ತೇನೆ.

ಬಲಮ್ಮ


ಜೂನ್ 2

ಬಲಮ್ಮಾ,

ಕಿವಿ ಎಂದು ಒಂದು ಮಾತು ಹೇಳಬಾರದಿತ್ತೇನೇ? ಏಳು ವರ್ಷ! ಏಳು ವರ್ಷ ನಿನ್ನನ್ನು ಮನಸ್ಸಿನಲ್ಲೇ ಬೈದು ಬೈದು ನನ್ನ ಬಾಯಿ ಒಣಗಿದೆ. ಆ ಬೈಗುಳವನ್ನೆಲ್ಲ ಈಗ ಎಲ್ಲಿ ಹಾಕಲಿ? ಇದನ್ನು ಓದಿದ ದಿನ ದೋಣಿ ಮಾವನ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ. ಅವರು, “ಯಾರ ಮೇಲಿನ ಸಿಟ್ಟಮ್ಮಾ ಇದು?” ಎಂದು ಕೇಳಿದರು. ಹೇಳಿದೆ. ಅವರು ಹಗ್ಗ ಸುತ್ತಿಡುತ್ತ, “ನಂಗೆ ಗೊತ್ತಿತ್ತು. ಕಂಬಿ ಹಿಡ್ಕೊಳ್ತಿದ್ಲು” ಎಂದರು. ಎಲ್ಲರಿಗೂ ಗೊತ್ತಿದೆ, ಪಕ್ಕದಲ್ಲಿ ನಿಂತವಳಿಗೆ ಮಾತ್ರ ಗೊತ್ತಿಲ್ಲ.

ಅನುಮತಿ ಬಂತು. ನಿನ್ನೆ. ಜೂನ್ ಒಂದರಿಂದ ಜಾರಿಗೆ ಬರುತ್ತದಂತೆ. ತಿಮಿಂಗಿಲಗಳು ಹೋಗಿ ವಾರದ ಮೇಲಾಯಿತು. ಕಡಲು ಬಟಾಬಯಲಾಗಿದೆ. ಆ ಆದೇಶವನ್ನು ಹಿಡಿದು ನಾನು ಯಾವುದರ ಹಿಂದೆ ದಾಟಲಿ, ಮೀನು ಹಿಡಿಯುವವರ ಬಲೆಯ ಹಿಂದೆಯೋ?

ನಿನ್ನದು ತಪ್ಪಲ್ಲ ಎಂದು ಗೊತ್ತು. ಆದರೆ ಯಾರದ್ದೂ ತಪ್ಪಲ್ಲದೆ ಕೆಲಸ ಹಾಳಾದರೆ ಸಿಟ್ಟು ಎಲ್ಲಿಗೆ ಹೋಗಬೇಕು?

ಕೊನೆಯದಾಗಿ ಕೇಳು. ನನ್ನ ಎಡವನ್ನು ತೆಗೆದು ಎಸೆ. ನಿನ್ನ ಬಲವನ್ನೇ ಇಟ್ಟುಕೊಂಡು ಎಣಿಸು. ಹಳೆಯದಾದರೂ ನೂರರ ಕೆಳಗೇ ಬರುತ್ತದೆ. ನನಗೇನೂ ಬೇಸರವಿಲ್ಲ. ಬೇಸರವಿದೆ, ಆದರೆ ತಡೆದುಕೊಳ್ಳುತ್ತೇನೆ. ಹಡಗು ಸುತ್ತಿ ಹೋದರೆ ಸಾಕು.

ಎಡಮ್ಮ


ಜೂನ್ 14

ಬಲಮ್ಮಾ,

ಜೀಪಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಅದೇ ಜೀಪಿನಲ್ಲಿ ಹೊರಟು ಬಾ. ರಸ್ತೆ ಚೆನ್ನಾಗಿದೆ, ನಿಧಾನ ಓಡಿಸಲು ಹೇಳಿದ್ದೇನೆ.

ಬಂದರಿನ ಆಚೆಯ ದಂಡೆಗೆ ಒಂದು ನೀಲಿ ತಿಮಿಂಗಿಲ ಸತ್ತು ಬಂದಿದೆ. ದೊಡ್ಡ ಹೆಣ್ಣು. ಹಿಂದೆ ಉಳಿದದ್ದಿರಬೇಕು. ಬೆನ್ನುಮೂಳೆ ನಡುವೆ ಮುರಿದಿದೆ, ಹಡಗಿನ ಮೂತಿ ಬಡಿದದ್ದೇ, ಅದರಲ್ಲಿ ಸಂಶಯವಿಲ್ಲ. ಮೈ ಇನ್ನೂ ಕೆಟ್ಟಿಲ್ಲ, ಮಚ್ಚೆಗಳು ಸ್ಪಷ್ಟವಾಗಿವೆ.

ಎಡಕ್ಕೆ ಒರಗಿ ಬಿದ್ದಿದ್ದಾಳೆ. ಮೇಲೆ ಕಾಣುವುದು ಬಲ ಮಗ್ಗುಲು. ಸುತ್ತ ಸುತ್ತಿ ಸುತ್ತಿ ನೋಡಿದೆ, ಯಾರು ಎಂದು ನನಗೆ ತಿಳಿಯುತ್ತಿಲ್ಲ. ನನಗೆ ಗೊತ್ತಿರುವ ಮಗ್ಗುಲು ಮರಳಿನಡಿ ಇದೆ. ನಾಳಿದ್ದು ಪುರಸಭೆಯವರು ಹೂಳುತ್ತಾರೆ. ಹೂಳುವ ಮೊದಲು ಮಗುಚಿ ಹಾಕಿಸಬೇಕು, ಅದಕ್ಕೆ ಎರಡು ಬುಲ್ಡೋಜರ್ ಬೇಕು, ಅವರು ಕೊಡಬೇಕಾದರೆ ಮುಖ್ಯಸ್ಥೆಯ ಸಹಿ ಬೇಕು.

ಸಹಿ ಮಾತ್ರ ಕಳಿಸಬೇಡ. ನೀನೇ ಬಾ. ಇದಕ್ಕೆ ದೋಣಿ ಬೇಡ.

ಎಡಮ್ಮ


ಜುಲೈ 21

ಎಡಮ್ಮಾ,

ಆ ದಿನ ದಂಡೆಯ ಮೇಲೆ ನಾನು ಬಾಯಿಬಿಡಲಿಲ್ಲ ಎಂದು ನಿನಗೆ ಬೇಜಾರಾಗಿದೆ. ದೋಣಿ ಮಾವ ಚಹಾ ಕೊಟ್ಟರೂ ಕುಡಿಯದೆ ಜೀಪು ಹತ್ತಿದೆ. ಈಗ ಹೇಳುತ್ತೇನೆ.

ರಸ್ತೆಯ ತಿರುವಿನಿಂದಲೇ ನನಗೆ ಗುರುತು ಸಿಕ್ಕಿತ್ತು. ಬಲದ ಆಲ್ಬಮಿನ ನಲವತ್ತನಾಲ್ಕು. ಬೆನ್ನಿನ ರೆಕ್ಕೆಯ ಹಿಂದೆ ಸಾಲಾಗಿ ಮೂರು ಮಚ್ಚೆ, ಅದರ ಕೆಳಗೆ ಬಿಳಿ ಗೆರೆ. ಅವಳು ಯಾವಾಗಲೂ ಗುಂಪಿನಿಂದ ದೂರ ಇರುತ್ತಿದ್ದಳು, ನಾನು ಅವಳನ್ನು ಒಂಟಿ ಎಂದು ಕರೆಯುತ್ತಿದ್ದೆ. ಆಮೇಲೆ ಯಂತ್ರಗಳು ಹಗ್ಗ ಎಳೆದು ಮಗುಚಿದವು. ನೀನು ಮರಳಿನಲ್ಲಿ ಓಡಿ ಹೋಗಿ, “ಮೂವತ್ತೊಂದು! ನಮ್ಮ ಬಾಣಂತಿ ಕಣೇ!” ಎಂದು ಕಿರುಚಿದೆ. ಎರಡು ಸಲ ಮರಿ ಕರೆತಂದವಳು ಎಂದೆ. ಎರಡೂ ಸಲ ನಾನು ಇಲ್ಲಿಗೆ ಬಂದ ಮೇಲೆ.

ನನ್ನ ಆಲ್ಬಮಿನಲ್ಲಿ ಅವಳು ಇವತ್ತಿಗೂ ಒಂಟಿ. ಅವಳಿಗೆ ಮಕ್ಕಳಾದದ್ದು ನನಗೆ ಗೊತ್ತಾದದ್ದು ಅವಳ ಹೆಣದ ಮುಂದೆ. ನನ್ನ ಅರವತ್ತಮೂರರಲ್ಲಿ ಇನ್ನೆಷ್ಟು ಜನ ಹೀಗೆ ಬದುಕುತ್ತಿದ್ದಾರೋ, ಎಷ್ಟು ಜನ ಸತ್ತಿದ್ದಾರೋ, ನನಗೆ ಒಂದೂ ಗೊತ್ತಿಲ್ಲ. ಅದಕ್ಕೇ ಮಾತು ಬರಲಿಲ್ಲ.

ಮೊನ್ನೆ ಸಮಿತಿ ಕೂತಿತು. ಎರಡೂ ಮಗ್ಗುಲಿನ ಫೋಟೋ ಮೇಜಿನ ಮೇಲೆ ಹರಡಿದೆ. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. “ಒಂದೇ ಪ್ರಾಣಿ ಅಂತ ಸಾಬೀತಾಯ್ತು. ಸತ್ತೂ ಹೋಗಿದೆ. ಹಾಗಾದ್ರೆ ಪಟ್ಟಿಯಿಂದ ಎರಡು ಕಳೀರಿ. ನೂರ ಮೂವತ್ತೆರಡು. ಒಳ್ಳೇ ಕೆಲಸ ಮಾಡಿದ್ರಿ” ಎಂದು ಮುಂದಿನ ವಿಷಯಕ್ಕೆ ಹೊರಟರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೀಗೆ ಎರಡೆರಡು ಕಳೆಯುತ್ತ ನೂರರ ಕೆಳಗಿಳಿಯಬೇಕಾದರೆ ಇನ್ನೂ ಹದಿನೇಳು ತಿಮಿಂಗಿಲಗಳು ಹಡಗಿಗೆ ಸಿಕ್ಕಿ ಸಾಯಬೇಕು. ಆಗ ಸಂಖ್ಯೆ ಸರಿಹೋಗುತ್ತದೆ!

ನಾನು ಎದ್ದು ನಿಂತು ಹೇಳಿದೆ, “ಎರಡು ಕಳೆದ್ರೆ ಸಾಲದು ಸರ್. ಒಂದೇ ಮಗ್ಗುಲು ಎಣಿಸಬೇಕು.”

“ಯಾವ ಮಗ್ಗುಲು?”

“ಎಡ.”

“ಬಲದ್ದು ಏನ್ಮಾಡ್ಬೇಕು?”

“ಪೂರ್ತಿ ಕೈಬಿಡ್ಬೇಕು.”

“ಅದು ಯಾರದಮ್ಮಾ?”

“ನನ್ನದು.”

ಅವರು ಕೆಟ್ಟವರಲ್ಲ. ಕನ್ನಡಕ ತೆಗೆದಿಟ್ಟು, “ಅದನ್ನ ಕೈಬಿಟ್ರೆ ನಿಮಗೆ ಏನು ಉಳಿಯುತ್ತೆ?” ಎಂದು ಕೇಳಿದರು. ನಾನು ಫೋಟೋಗಳನ್ನು ಒಟ್ಟು ಮಾಡಿಕೊಂಡು ಕೂತುಬಿಟ್ಟೆ.

ನಿನ್ನ ಬಲವನ್ನೇ ಇಟ್ಟುಕೋ ಎಂದು ನೀನು ಬರೆದದ್ದನ್ನು ಎಷ್ಟೋ ಸಲ ಓದಿದ್ದೇನೆ. ಹಾಗೆ ಮಾಡಲಾಗುವುದಿಲ್ಲ ಕಣೇ. ಏಳು ವರ್ಷದಿಂದ ಯಾರೂ ನೋಡದ ಮಗ್ಗುಲನ್ನು ಸಮಿತಿಯ ಮುಂದಿಟ್ಟರೆ ಹಡಗಿನ ಕಂಪನಿಯ ವಕೀಲರು ಅರ್ಧ ಗಂಟೆಯಲ್ಲಿ ಹರಿದು ಹಾಕುತ್ತಾರೆ. ನಿಲ್ಲುವುದು ನಿನ್ನದೇ.

ನನ್ನ ಆಲ್ಬಮನ್ನು ನಾನೇ ಹಿಂದಕ್ಕೆ ಪಡೆದದ್ದರಿಂದ ತೀರ್ಮಾನ ಆಯಿತು. ಎಡ ಮಗ್ಗುಲಿನ ಲೆಕ್ಕ, ಎಪ್ಪತ್ತು. ಕಾಣದವನ್ನು ಸೇರಿಸಿದರೆ ಎಂಬತ್ತೆಂಟು. ಮುಂದಿನ ಹಂಗಾಮಿನಿಂದ ಹಡಗುಗಳು ಸುತ್ತಿ ಹೋಗಬೇಕು. ನನ್ನ ಹಳೆಯ ಪ್ರಬಂಧಗಳನ್ನೆಲ್ಲ ಮರುಪರಿಶೀಲನೆಗೆ ಹಾಕಿದ್ದಾರೆ. ಮುಖ್ಯಸ್ಥೆಯ ಕೆಲಸ ಇನ್ನೊಬ್ಬರಿಗೆ ಹೋಯಿತು, ನನ್ನನ್ನು ತರಬೇತಿ ವಿಭಾಗಕ್ಕೆ ಕಳಿಸಿದ್ದಾರೆ. ಅಲ್ಲಿಯೂ ಕುರ್ಚಿ ಇದೆ, ಚಿಂತೆ ಮಾಡಬೇಡ.

ಇನ್ನು ನನಗೆ ತಿಮಿಂಗಿಲದ ಬಗ್ಗೆ ಬರೆಯಬೇಡ. ಬೇರೇನಾದರೂ ಬರೆ.

ಬಲಮ್ಮ


ಡಿಸೆಂಬರ್ 5

ಬಲಮ್ಮಾ,

ಬೇರೇನಾದರೂ ಬರೆ ಎಂದೆ. ಬರೆದೆ. ನನ್ನ ಅಕ್ಕನ ಮಗನ ಪರೀಕ್ಷೆ, ಕೇಂದ್ರದ ಸೋರುವ ಸೂರು, ದೋಣಿ ಮಾವನ ಮಂಡಿನೋವು. ನಾಲ್ಕು ಕಾಗದಕ್ಕೂ ಉತ್ತರವಿಲ್ಲ. ಕೊನೆಗೆ ಫೋನ್ ಮಾಡಿದೆ, ನಿನ್ನ ಯಜಮಾನರು ಎತ್ತಿದರು. “ಆ ವಿಷಯ ಎತ್ತಿದ್ರೆ ಎದ್ದು ಒಳಗೆ ಹೋಗ್ತಾಳೆ. ಆಲ್ಬಮ್ ಅಟ್ಟಕ್ಕೆ ಹಾಕ್ಬಿಟ್ಟಿದಾಳೆ” ಎಂದರು. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಹಾಗಾಗಿ ನಿನ್ನ ಮಾತು ಮೀರುತ್ತಿದ್ದೇನೆ.

ಹಡಗುಗಳು ಸುತ್ತಿ ಹೋಗುತ್ತಿವೆ. ಹಂಗಾಮು ಶುರುವಾದ ದಿನ ದೋಣಿ ಮಾವನೂ ನಾನೂ ಬೆಳಗಿನಿಂದ ನೋಡಿದೆವು, ಎದುರಿಗೆ ಒಂದೂ ಇಲ್ಲ, ಬರೀ ನೀರು. ಮಾವ, “ಗೆದ್ವಲ್ಲಮ್ಮಾ” ಎಂದರು. ಗೆದ್ದೆವು ಎಂದು ನಾನೂ ಹೇಳಿದೆ. ಆದರೆ ಖುಷಿಪಡಲು ಆಗುತ್ತಿಲ್ಲ. ನೀನು ಕೈಬಿಟ್ಟದ್ದು ನನ್ನನ್ನು ಒಂದು ಮಾತು ಕೇಳಿ ಅಲ್ಲ. ಕೇಳಿದ್ದರೆ ನಾನು ಬೇಡ ಎನ್ನುತ್ತಿರಲಿಲ್ಲ, ಅದೇ ನನಗೆ ಸಹಿಸಲಾಗುತ್ತಿಲ್ಲ. ನಿನ್ನ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು, ಎರಡು ಮಗ್ಗುಲು ಇಟ್ಟುಕೊಂಡು ಹುಟ್ಟುವ ಆ ಪ್ರಾಣಿಗಳ ಮೇಲೂ ಸಿಟ್ಟು.

ಮೊನ್ನೆ ಈ ಹಂಗಾಮಿನ ಮೊದಲ ತಿಮಿಂಗಿಲ ಬಂತು. ನಾವು ಎಂಜಿನ್ ನಿಲ್ಲಿಸಿ ಕಾದಿದ್ದೆವು. ತಾನಾಗಿ ಹತ್ತಿರ ಬಂದು, ಉಸಿರು ಬಿಟ್ಟು, ಉದ್ದಕ್ಕೂ ಬಲ ಮಗ್ಗುಲು ತೋರಿಸಿಕೊಂಡು ಸಾವಕಾಶವಾಗಿ ಹೋಯಿತು. ಒಂದು ಸಲವೂ ಎಡಕ್ಕೆ ತಿರುಗಲಿಲ್ಲ. ಪಕ್ಕದಲ್ಲಿ ಪುಟ್ಟ ಮರಿ ಇತ್ತು. ಮಾವ ನನ್ನ ಮುಖ ನೋಡಿ, “ಯಾರಮ್ಮಾ ಇವಳು?” ಎಂದರು. ಗೊತ್ತಿಲ್ಲ ಎಂದೆ. ಇಷ್ಟು ವರ್ಷದ ಮೇಲೆ ನನ್ನ ಕಡಲಿನಲ್ಲಿ, ನನ್ನ ಕಣ್ಣೆದುರಿಗೆ, ಗೊತ್ತಿಲ್ಲ.

ಈ ಫೋಟೋ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಸಮಿತಿಗೆ ಬೇಡ, ವರದಿಗೆ ಬೇಡ. ಕಾಗದದ ಜೊತೆ ಇಟ್ಟಿದ್ದೇನೆ. ಅಟ್ಟಕ್ಕೆ ಏಣಿ ಹಾಕಬೇಡ, ನಿನಗೆ ತಲೆ ಸುತ್ತುತ್ತದೆ, ಮಗಳನ್ನು ಹತ್ತಿಸು. ಆಲ್ಬಮ್ ಬೇಕಾಗುವುದೂ ಇಲ್ಲ, ನಿನಗೆ ನೋಡಿದರೆ ಸಾಕು.

ಯಾರೇ ಇವಳು? ಹೇಳು.

ಎಡಮ್ಮ